ಮೇಣದ ಬಳಪ

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಆವತ್ತೂ ಖಾಲಿಯೇ ಉಳಿಯಿತು. ಕಂಬಿ ಹಿಡಿದು ಜೋತಾಡುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಂತವರು ಬೇಕಾದಷ್ಟು ಜನ ಇದ್ದರು. ಆದರೂ ಅಲ್ಲೊಂದು ಸೀಟು ಇಲ್ಲವೇ ಇಲ್ಲ ಎನ್ನುವಂತೆ ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ದಿನವೂ ಇದೇ ಬಸ್ಸು, ಇದೇ ಜನ. ಅವನು ಇಳಿಯುವ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು. ಊರ ಹೊರಗೆ, ಮಾಂಸಕ್ಕಾಗಿ ಹೋರಿಗಳನ್ನು ಕಾಳು ಹಾಕಿ ಕೊಬ್ಬಿಸುವ ದೊಡ್ಡಿಯಲ್ಲಿ ಅವನಿಗೆ ಕೆಲಸ. ಹೆಗಲವರೆಗೆ ಏರುವ ಕೈಗವಸು ತೊಟ್ಟು, ಹೋರಿಗಳ ಬೆನ್ನ ಹಿಂದೆ ನಿಂತು, ಒಳಗಿನಿಂದ ಸಗಣಿ ತೆಗೆದು ಪುಟ್ಟ ಸೀಸೆಗಳಿಗೆ ತುಂಬುವುದು. ಜೊತೆಯವರು ಅವನನ್ನು ಸಗಣಿ ಡಾಕ್ಟರು ಎನ್ನುತ್ತಾರೆ. ಮೊದಮೊದಲು ಅವನೂ ಅವರ ಜೊತೆ ನಕ್ಕಿದ್ದ. ಆಮೇಲೆ ಅದು ಎಷ್ಟು ಮೈಗೆ ಹತ್ತಿಹೋಯಿತೆಂದರೆ ಯಾರಾದರೂ ಬರೀ ಡಾಕ್ಟ್ರೇ ಎಂದು ಕೂಗಿದರೂ ತಿರುಗಿ ನೋಡುವಂತಾಗಿತ್ತು. ನಿನ್ನೆ ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸು ‘ಡಾಕ್ಟ್ರೇ, ಒಂದ್ನಿಮಿಷ’ ಎಂದಾಗ ಇವನು ಥಟ್ಟನೆ ಎದ್ದು ನಿಂತುಬಿಟ್ಟ. ಅವಳು ಇವನನ್ನು ದಾಟಿಕೊಂಡು ನಿಜವಾದ ಡಾಕ್ಟರ ಕಡೆ ಹೋದಳು. ಬೆಂಚಿನ ಮೇಲಿದ್ದ ತಮ್ಮನ ಹೆಂಡತಿ ಅದನ್ನು ನೋಡಿದಳು, ನೋಡದವಳ ಹಾಗೆ ಮುಖ ತಿರುಗಿಸಿದಳು. ಕೂಸು ಒಳಗೆ ಹಾಗೆ ಬಿದ್ದಿರುವಾಗಲೂ ಇಂಥ ಕ್ಷುಲ್ಲಕಕ್ಕೆ ತನ್ನ ಕಿವಿ ಬಿಸಿಯಾಗುತ್ತದಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಬಂದಿತ್ತು.

ಆ ಕೂಸು ಅವನ ತಮ್ಮನ ಮಗಳು. ಮನೆಯಲ್ಲಿ ಎಲ್ಲರೂ ಕರೆಯುವುದು ಚೂಟಿ ಎಂದೇ. ಒಂದು ಗಳಿಗೆ ಕೂತಲ್ಲಿ ಕೂರದವಳಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಹೊಟ್ಟೆ ಕೆಟ್ಟಿದೆ, ಸರಿಹೋಗುತ್ತದೆ ಎಂದುಕೊಂಡಿದ್ದರು. ಆಮೇಲೆ ರಕ್ತ ಬಂತು. ಆಸ್ಪತ್ರೆಗೆ ಸೇರಿಸಿದ ಮೇಲೆ ಭೇದಿ ಕಡಿಮೆಯಾಯಿತೆಂದು ಉಸಿರು ಬಿಡುವಷ್ಟರಲ್ಲಿ ಮುಖ ಊದಿಕೊಂಡಿತು, ಉಚ್ಚೆ ನಿಂತುಹೋಯಿತು. ಕ್ರಿಮಿ ಹೊಟ್ಟೆಯಲ್ಲಿ ಬಿಟ್ಟ ವಿಷ ಮೂತ್ರಪಿಂಡಕ್ಕೆ ಹತ್ತಿದೆ ಎಂದರು ಡಾಕ್ಟರು. ರಕ್ತ ತೊಳೆಯುವ ಯಂತ್ರಕ್ಕೆ ಹಾಕಿದ್ದೇವೆ, ಇದಕ್ಕೆ ಬೇರೆ ಮದ್ದು ಅಂತ ಇಲ್ಲ, ಕಾಯಬೇಕು, ಉಚ್ಚೆ ಬರಲು ಶುರುವಾದರೆ ಅರ್ಧ ಗೆದ್ದ ಹಾಗೆ. ಅಂದಿನಿಂದ ಇಡೀ ಮನೆ ಒಂದು ಮಗುವಿನ ಉಚ್ಚೆಗಾಗಿ ಕಾದು ಕೂತಿತ್ತು. ಹಾಸಿಗೆ ಒದ್ದೆ ಮಾಡಿದಳೆಂದು ಹೋದ ವರ್ಷ ಇದೇ ಮಗುವಿಗೆ ಗದರಿದವರು ಈಗ ಹಾಸಿಗೆಯ ಕೆಳಗೆ ತೂಗುಹಾಕಿದ ಖಾಲಿ ಚೀಲವನ್ನು ನೋಡಿ ನೋಡಿ ಬರುತ್ತಿದ್ದರು.

ಡಾಕ್ಟರು ಎಲ್ಲರನ್ನೂ ನಿಲ್ಲಿಸಿಕೊಂಡು ಕೇಳಿದ್ದರು, ಮಗು ಏನು ತಿಂದಿತು, ಏನು ಮುಟ್ಟಿತು. ‘ಇದು ದನದ ಹೊಟ್ಟೇಲಿರೋ ಕ್ರಿಮಿ. ದನಕ್ಕೇನೂ ಮಾಡಲ್ಲ. ನಮಗೆ ಬಂದ್ರೆ ಹೀಗೆ.’ ದನ ಎಂಬ ಮಾತು ಬಿದ್ದದ್ದೇ ತಡ, ತಮ್ಮ, ತಮ್ಮನ ಹೆಂಡತಿ, ಪಕ್ಕದ ಹಾಸಿಗೆಯ ಮಗುವಿನ ಅಜ್ಜಿ ಸಮೇತ ಎಲ್ಲರೂ ಅವನ ಕಡೆ ತಿರುಗಿದರು. ‘ನಾನು ಸ್ನಾನ ಮಾಡದೆ ಒಂದು ದಿನವೂ ಮನೆಯೊಳಗೆ ಕಾಲಿಟ್ಟಿಲ್ಲ,’ ಎಂದ. ಅದು ನಿಜ. ತಮ್ಮನ ಹೆಂಡತಿಯೇ ತಲೆ ಆಡಿಸಿದಳು. ‘ಹೌದು ಡಾಕ್ಟ್ರೇ, ಭಾವ ಆ ವಿಷಯದಲ್ಲಿ ತುಂಬ ಚೊಕ್ಕ. ಬಟ್ಟೆನೂ ಹೊರಗೇ ಒಗೀತಾರೆ.’ ಹೇಳುತ್ತ ಹೇಳುತ್ತಲೇ ಅವಳ ಕೈ ಬಾಯಿಗೆ ಹೋಯಿತು. ‘ಮಾಂಸ,’ ಎಂದಳು. ‘ಅವತ್ತು ಕೆಲಸಕ್ಕೆ ತಡ ಆಗಿತ್ತು. ಒಳಗೆ ಇನ್ನೂ ಕೆಂಪಗಿತ್ತು. ನಾನು ನೋಡಿದೆ.’ ಡಾಕ್ಟರು ಇರಬಹುದು ಎಂದರು. ಆಮೇಲೆ ಹಾಸಿಗೆಯ ಮೇಲೆ ಬಗ್ಗಿ, ‘ನೀನು ಹೇಳು ಪುಟ್ಟಾ, ಬೇರೆ ಏನಾದ್ರೂ ಬಾಯಿಗೆ ಹಾಕ್ಕೊಂಡಿದ್ಯಾ?’ ಎಂದರು. ಚೂಟಿ ಊದಿದ ರೆಪ್ಪೆಗಳ ಸಂದಿಯಿಂದ ಡಾಕ್ಟರನ್ನು ನೋಡಲಿಲ್ಲ, ಅಮ್ಮನನ್ನು ನೋಡಲಿಲ್ಲ. ದೊಡ್ಡಪ್ಪನನ್ನು ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಎಲ್ಲರೂ ಹೊರಗೆ ಹೋದ ಮೇಲೆ ಅವನನ್ನು ಹತ್ತಿರ ಕರೆದು, ಒಣಗಿದ ತುಟಿಯಲ್ಲಿ, ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದಳು: ‘ನಾನು ಹೇಳಲೇ ಇಲ್ಲ ದೊಡ್ಡಪ್ಪಾ.’ ಜಾಣೆ ಎಂದು ಅವನು ಹೇಳಬೇಕೆಂದು ಅವಳು ಕಾಯುತ್ತಿದ್ದಳು. ಅವನು ಹೇಳಿದ. ಜಾಣೆ ಎಂದ.

ಬಸ್ಸು ನಿಂತಿತು. ಇಳಿದು, ಗೇಟು ದಾಟಿ, ಬಟ್ಟೆ ಬದಲಿಸಿ, ಗಂಬೂಟು ಹಾಕಿಕೊಂಡು ಅವನು ಕೆಲಸಕ್ಕೆ ನಿಂತ. ರಜೆ ಹಾಕಬಹುದಿತ್ತು, ಹಾಕಿ ಆಸ್ಪತ್ರೆಯ ಆ ಬೆಂಚಿನ ಮೇಲೆ ತಮ್ಮನ ಹೆಂಡತಿಯ ಪಕ್ಕ ಕೂರುವುದು ತನ್ನಿಂದ ಆಗದ ಮಾತು ಎಂದು ಗೊತ್ತಿದ್ದೇ ಬಂದಿದ್ದ. ಬೇಯಿಸಿದ ಮೆಕ್ಕೆಜೋಳದ, ಕಾಕಂಬಿಯ ಸಿಹಿ ಹಬೆ ದೊಡ್ಡಿಯ ಮೇಲೆಲ್ಲ ಹರಡಿತ್ತು. ಹಸಿವಾದವನಿಗೆ ಬಾಯಲ್ಲಿ ನೀರೂರಿಸುವಂಥ ವಾಸನೆ. ಹುಲ್ಲು ತಿನ್ನಲು ಹುಟ್ಟಿದ ಹೊಟ್ಟೆಗೆ ಹೊತ್ತುಹೊತ್ತಿಗೆ ಕಾಳು ಸುರಿದರೆ ಒಳಗೆಲ್ಲ ಹುಳಿಯಾಗುತ್ತದೆ. ಆ ಹುಳಿಯಲ್ಲೇ ಹುಟ್ಟಿ ಬೆಳೆದ ಕ್ರಿಮಿಗೆ ಮನುಷ್ಯನ ಹೊಟ್ಟೆಯ ಹುಳಿ ಲೆಕ್ಕಕ್ಕೇ ಇಲ್ಲ. ಇದನ್ನು ಅವನಿಗೆ ಹೇಳಿಕೊಟ್ಟದ್ದು ದೊಡ್ಡಿಯ ಪ್ರಯೋಗಾಲಯದಲ್ಲಿ ಅವನ ಸೀಸೆಗಳನ್ನು ಪರೀಕ್ಷಿಸುವವಳು. ಹಾಗಾಗಿ ಕಂಪನಿಯವರು ಈ ಸಲ ಒಂದು ಪರೀಕ್ಷೆ ಹೂಡಿದ್ದರು: ಲಾರಿ ಹತ್ತಿಸುವ ಮೊದಲಿನ ಕೆಲವು ದಿನ ಒಂದಷ್ಟು ಹೋರಿಗಳಿಗೆ ಕಾಳು ಬಿಡಿಸಿ ಬರೀ ಒಣಹುಲ್ಲು. ಆ ಹೋರಿಗಳು ಬೇಲಿಗೆ ಎದೆ ಒತ್ತಿ, ಪಕ್ಕದ ಸಾಲಿನ ಕಾಳು ತುಂಬಿದ ಗೋದಲಿ ನೋಡಿಕೊಂಡು ಬೆಳಗಿನಿಂದ ಒಂದೇ ಸಮನೆ ಕೂಗುತ್ತಿದ್ದವು.

‘ಕೇಳಿ ಡಾಕ್ಟ್ರೇ, ನಿಮ್ಮ ಪಥ್ಯದವರ ಸಂಗೀತ,’ ಎಂದ ಮೇಸ್ತ್ರಿ. ಹೋರಿಗಳನ್ನು ಒಂದೊಂದಾಗಿ ಕಬ್ಬಿಣದ ಸಂದಿಗೆ ಅಟ್ಟುವುದು ಅವನ ಪಾಲಿನ ಕೆಲಸ. ‘ತೂಕ ಇಳೀತಿದೆ ಅಂತ ಮೇಲಿನೋರು ಬಡ್ಕೊಳ್ತಿದಾರೆ. ಹೋಗೋ ಜೀವಕ್ಕೆ ಹೊಟ್ಟೆ ತುಂಬ ಹಾಕಿ ಕಳಿಸೋದು ಬಿಟ್ಟು ಇದೇನು ಶಿಕ್ಷೆ?’ ಅವನು ಸೀಸೆಗಳನ್ನು ಸಾಲಾಗಿ ಜೋಡಿಸಿದ. ‘ಪಾಪು ಹೇಗಿದೆ?’ ಎಂದು ಮೇಸ್ತ್ರಿ ದನಿ ತಗ್ಗಿಸಿದ. ‘ಹಾಗೇ ಇದೆ,’ ಎಂದ. ಕೈಗವಸು ಏರಿಸಿದ. ಬಾಲ ಪಕ್ಕಕ್ಕೆ ಸರಿಸಿ ಕೈ ಒಳಗೆ ತೂರಿಸಿದಾಗ ಬಿಸಿ ಸುತ್ತಿಕೊಂಡಿತು. ಹೊರಗಿನ ಚಳಿಯಲ್ಲಿ ಅದೊಂದು ಸುಖ ಎಂದು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಕಾಳಿನ ಹೋರಿಯ ಸಗಣಿ ತೆಳ್ಳಗೆ, ಬೂದಿ ಬಣ್ಣ, ಮೂಗಿಗೆ ಹುಳಿ. ಹುಲ್ಲಿನದಕ್ಕೆ ನಾರು, ಗಟ್ಟಿ, ಹಳೆಯ ವಾಸನೆ. ಸೀಸೆ ತುಂಬಿ ಬಿರಟೆ ಹಾಕಿ, ಆದ ಹೋರಿಯ ಬೆನ್ನ ಮೇಲೆ ಕೆಂಪು ಮೇಣದ ಬಳಪದಿಂದ ಒಂದು ಗೀಟು. ಚಳಿಗೆ ಮೇಣ ಗಟ್ಟಿಯಾಗಿ ಕೂದಲಿಗೆ ಹತ್ತುತ್ತಿರಲಿಲ್ಲ. ಅವನ ಕೈ ತನ್ನಷ್ಟಕ್ಕೆ ಬಳಪವನ್ನು ಬಾಯಿಯ ಹತ್ತಿರ ತಂದಿತು, ತುದಿಯ ಮೇಲೆ ಹಾ ಎಂದು ಬಿಸಿಯುಸಿರು ಬಿಡಲು. ಎಲ್ಲರೂ ಮಾಡುವುದು ಹಾಗೆಯೇ. ಅರ್ಧಕ್ಕೆ ಬಂದ ಕೈ ಅಲ್ಲೇ ನಿಂತಿತು. ಹಿಂದಿನಿಂದ ಮೇಸ್ತ್ರಿ, ‘ಏನಾಯ್ತು? ಮುಂದಿನದು ಬಿಡ್ಲಾ?’ ಎಂದ.

ಬಿಡು ಎಂದ. ಹೋರಿ ಬಂತು, ಸಂದಿ ಮುಚ್ಚಿತು, ಅದರ ದೊಡ್ಡ ಕಣ್ಣು ಬೇಸರದಿಂದ ಅವನನ್ನು ನೋಡಿತು. ಇದಕ್ಕೇನೂ ಇಲ್ಲ. ಚೆನ್ನಾಗಿ ತಿನ್ನುತ್ತದೆ, ಮೈ ಮಿರಮಿರ ಮಿಂಚುತ್ತದೆ. ತನಗೂ ಏನೂ ಇಲ್ಲ. ಇಷ್ಟು ವರ್ಷ ಈ ಬಳಪಕ್ಕೆ ಉಸಿರು ಬಿಟ್ಟು, ಕೈ ಬಿಡುವಿಲ್ಲದಾಗ ಹಲ್ಲಲ್ಲಿ ಕಚ್ಚಿಕೊಂಡು ದುಡಿದವನಿಗೆ ಒಂದು ದಿನ ಹೊಟ್ಟೆ ನೊಂದಿಲ್ಲ. ಹೊತ್ತುಕೊಂಡು ತಿರುಗುವವರಿಗೆ ಏನೂ ಆಗುವುದಿಲ್ಲ. ಹೋರಿಗೆ ಕೆಲವು ದಿನ ಹುಲ್ಲು ಹಾಕಿದರೆ ಒಳಗಿನದು ಇಳಿಯುತ್ತದಂತೆ. ಮನುಷ್ಯನಿಗೆ ಏನು ಹಾಕಿದರೆ ಇಳಿಯುತ್ತದೋ, ಯಾರೂ ಪರೀಕ್ಷೆ ಮಾಡಿದ ಹಾಗಿಲ್ಲ.

ತಮ್ಮನ ಹೆಂಡತಿ ಕೆಟ್ಟವಳೇನಲ್ಲ. ಮದುವೆಯಿಲ್ಲದೆ ಉಳಿದ ಭಾವನನ್ನು ಮನೆಯಲ್ಲಿ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಬಡಿಸಿ, ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವಳು. ಚೂಟಿ ಹುಟ್ಟಿದ ಹೊಸದರಲ್ಲಿ ಒಂದು ಸಂಜೆ ಅವನು ಕೆಲಸದಿಂದ ಬಂದವನೇ ತೊಟ್ಟಿಲ ಮೇಲೆ ಬಗ್ಗಿದಾಗ ಅವಳು ನಡುವೆ ಬಂದು ನಿಂತಿದ್ದಳು. ‘ಭಾವ, ಬೇಜಾರು ಮಾಡ್ಕೋಬೇಡಿ. ಹಿತ್ತಲ ನಲ್ಲಿ ಹತ್ರ ಸೋಪು ಇಟ್ಟಿದೀನಿ. ಸ್ನಾನ ಮಾಡ್ಕೊಂಡೇ ಒಳಗೆ ಬನ್ನಿ.’ ಅದಕ್ಕೇನಂತೆ, ಎಂದ. ಬೇಜಾರು ಮಾಡಿಕೊಳ್ಳದೆ ಇರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅಂದಿನಿಂದ ಮನೆಯ ಮುಂಬಾಗಿಲು ಅವನಿಗೆ ಮರೆತೇ ಹೋಯಿತು. ದುಡಿದು ಬಂದವನು ಕಳ್ಳನ ಹಾಗೆ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಹೋಗಿ, ತಣ್ಣೀರಿನಲ್ಲಿ, ಕೆಂಪಗಾಗುವವರೆಗೆ ತಿಕ್ಕಿಕೊಂಡು, ಬಾಗಿಲಲ್ಲಿ ನಿಂತು ‘ಆಯ್ತಮ್ಮ’ ಎನ್ನುತ್ತಿದ್ದ. ಅವಳು ಒಳಗಿನಿಂದ ‘ಬನ್ನಿ ಭಾವ’ ಎನ್ನುತ್ತಿದ್ದಳು. ಆ ಬನ್ನಿ ಎಂಬ ಅಪ್ಪಣೆಗೆ ಕಾದು ನಿಲ್ಲುವ ಗಳಿಗೆ ಎಷ್ಟು ಸಣ್ಣದಾದರೂ ಅವನನ್ನು ಒಳಗೆ ಸುಡುತ್ತಿತ್ತು. ಅವಳು ಮಾಡಿದ್ದು ಸರಿ ಎಂದು ಗೊತ್ತಿದ್ದುದರಿಂದ ಇನ್ನೂ ಹೆಚ್ಚು ಸುಡುತ್ತಿತ್ತು.

ಚೂಟಿಗೆ ಕಾಲು ಬಂದ ಮೇಲೆ ಅವಳೇ ಹಿತ್ತಲಿಗೆ ಓಡಿ ಬರತೊಡಗಿದಳು. ಅವನು ಇನ್ನೂ ಮೈಗೆ ನೀರು ಹಾಕಿಕೊಂಡಿರುತ್ತಿರಲಿಲ್ಲ. ‘ಮುಟ್ಬೇಡ ಕಣೇ, ನಿಮ್ಮಮ್ಮ ಬೈತಾಳೆ.’ ಮುಟ್ಟುತ್ತಿರಲಿಲ್ಲ, ಎದುರು ಕುಕ್ಕರಗಾಲಲ್ಲಿ ಕೂತು ಅಂಗಿಯ ಜೇಬನ್ನೇ ನೋಡುತ್ತಿದ್ದಳು. ಒಂದು ದಿನ ಜೇಬಿನಲ್ಲಿ ಸವೆದು ಹೆಬ್ಬೆರಳಷ್ಟಾದ ಬಳಪದ ತುಂಡಿತ್ತು. ಹಿತ್ತಲ ಕಲ್ಲಿನ ಮೇಲೆ ಅವನೇ ಒಂದು ಹೋರಿ ಬರೆದು ತೋರಿಸಿದ. ಅವಳಿಗೆ ಅದು ನಾಯಿಯಂತೆ ಕಂಡಿತು, ಆದರೂ ಬೇಕಾಯಿತು. ತುಂಡು ಕೈಗಿಟ್ಟ. ಕೊಡುವಾಗ ಅವನಿಗೆ ಆದ ಸಂತೋಷದಲ್ಲಿ ಪ್ರೀತಿಯೂ ಇತ್ತು, ಇಲ್ಲವೆನ್ನಲಾರ. ಆದರೆ ಅದರ ಜೊತೆಗೇ ಇನ್ನೊಂದಿತ್ತು: ಇವಳಮ್ಮ ಇಷ್ಟೆಲ್ಲ ಬೇಲಿ ಹಾಕಿದಳಲ್ಲ, ಹೋಗಲಿ, ದೊಡ್ಡಿಯದೊಂದು ವಸ್ತು ಸ್ನಾನ ಮಾಡದೆ, ಅಪ್ಪಣೆ ಕೇಳದೆ, ನೆಟ್ಟಗೆ ಅವಳ ಮನೆಯ ನಡುವಿಗೆ ಹೋಗಿ ಕೂರಲಿ. ಹೀಗೆ ಮಾತಿನಲ್ಲಿ ಅವನು ಅಂದುಕೊಂಡಿರಲಿಲ್ಲ. ಮಾತಿನಲ್ಲಿ ಅಂದುಕೊಳ್ಳದೆ ಇರುವುದೂ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆಮೇಲೆ ಸವೆದ ತುಂಡೆಲ್ಲ ಚೂಟಿಯ ಪಾಲಾಯಿತು. ಯಾರು ಕೊಟ್ಟರು ಎಂದು ಅಮ್ಮ ಕೇಳಿದರೆ ಶಾಲೆಯಲ್ಲಿ ಕೊಟ್ಟರು ಅನ್ನಬೇಕು ಎಂದು ಹೇಳಿಕೊಟ್ಟವನು ಅವನೇ. ಚಳಿ ಹಿಡಿದ ಮೇಲೆ ‘ಇದು ಬರೀತಾನೇ ಇಲ್ಲ ದೊಡ್ಡಪ್ಪಾ’ ಎಂದಾಗ, ‘ಬಾಯಿಯ ಬಿಸಿ ತಾಗಿಸಬೇಕು ಕಣೇ ಪೆದ್ದಿ, ನಾವೆಲ್ಲ ಹಾಗೇ ಮಾಡೋದು’ ಎಂದವನೂ ಅವನೇ. ಉಸಿರು ಬಿಡುವುದನ್ನು ತೋರಿಸಿದ್ದ. ಅವಳಿಗೆ ಉಸಿರು ಸಾಲಲಿಲ್ಲ. ತುದಿಯನ್ನು ಬಾಯೊಳಗೇ ಇಟ್ಟುಕೊಂಡು, ಕೆನ್ನೆ ಉಬ್ಬಿಸಿ, ಕಣ್ಣಲ್ಲೇ ನಕ್ಕಿದ್ದಳು. ಅವನೂ ನಕ್ಕಿದ್ದ.

ಮಧ್ಯಾಹ್ನ ಸೀಸೆಗಳ ತಟ್ಟೆ ಹೊತ್ತು ಪ್ರಯೋಗಾಲಯಕ್ಕೆ ಹೋದ. ಅಲ್ಲಿಯವಳು ಸ್ಟೂಲಿನ ಮೇಲೆ ಕಾಲು ಮಡಚಿ ಕೂತಿದ್ದಳು. ತನ್ನ ಗಾಜಿನ ಬಿಲ್ಲೆಗಳಲ್ಲಿ ಬೆಳೆಯುವುದನ್ನೆಲ್ಲ ಅವಳು ನಮ್ಮ ಮಕ್ಕಳು ಎನ್ನುತ್ತಾಳೆ. ‘ಬನ್ನಿ ಡಾಕ್ಟ್ರೇ. ಹುಲ್ಲಿನವರದ್ದು ನೋಡಿ, ನಮ್ಮ ಮಕ್ಕಳು ಊರು ಬಿಟ್ಟು ಹೋಗ್ತಿದಾರೆ. ಕಾಳಿನವರದ್ದು ನೋಡಿ, ಸಂತೆ ಸೇರಿದೆ.’ ಅವನು ನೋಡಿದ. ಅವನು ನೋಡಬೇಕಾಗಿದ್ದದ್ದು ಅದಲ್ಲ. ಮೊನ್ನೆ ಒಂದು ಕಾಗದದ ಪೊಟ್ಟಣ ಕೊಟ್ಟು, ಬೇಲಿಯ ಹತ್ತಿರ ಬಿದ್ದಿತ್ತು, ಬಳಪದಿಂದಲೂ ಹರಡುತ್ತದೋ ಏನೋ, ಸುಮ್ಮನೆ ನೋಡಿ ಎಂದು ಹೇಳಿ ಹೋಗಿದ್ದ. ಅದನ್ನು ಕೇಳದೆ ತಟ್ಟೆಯ ಸೀಸೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಅವಳೇ ನೆನಪು ಮಾಡಿಕೊಂಡಳು. ‘ಹಾಂ, ನಿಮ್ಮ ಬಳಪ. ಏನೂ ಬೆಳೆದಿಲ್ಲ. ಎಂಥ ಚೊಕ್ಕ ಅಂತೀರಿ, ಅದರಲ್ಲಿ ಊಟ ಮಾಡಬಹುದು.’ ‘ಏನೂ ಇಲ್ವಾ?’ ‘ಏನೂ ಇಲ್ಲ. ಯಾಕೆ, ಇದ್ದಿದ್ರೆ ಬಹುಮಾನ ಕೊಡ್ತಿದ್ರಾ?’

ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಅವನು ಮೆಟ್ಟಿಲಿಳಿದ. ಬಳಪದಿಂದಲ್ಲ. ತನ್ನಿಂದಲ್ಲ. ಮೇಸ್ತ್ರಿಗೆ ಹೊಟ್ಟೆನೋವೆಂದು ಹೇಳಿ, ಬಟ್ಟೆ ಬದಲಿಸಿ ಗೇಟಿನ ಕಡೆ ನಡೆದ. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಎಷ್ಟೋ ಕಾಲದ ಮೇಲೆ ಹಸಿವಾಯಿತು. ಹಾಗಾದರೆ ಮಾಂಸವೇ. ಪಾಪ, ಅವಳೇ. ಅವಳೇ ಎಂದುಕೊಂಡಾಗ ಒಳಗೆ ಎಲ್ಲೋ ಸಣ್ಣಗೆ ತಂಪಾಯಿತು. ಅದನ್ನು ಅವನು ಗಮನಿಸಿದ. ಸೋಪು ಇಟ್ಟವಳು, ಬಾಗಿಲಲ್ಲಿ ನಿಲ್ಲಿಸಿದವಳು, ಕೊನೆಗೆ ತನ್ನ ಕೈಯಾರೆ. ಏನಮ್ಮ ಮಾಡೋದು, ಎಲ್ಲರಿಂದಲೂ ತಪ್ಪಾಗುತ್ತದೆ ಎಂದು ದೊಡ್ಡ ಮನಸ್ಸಿನಿಂದ ಅವಳಿಗೆ ಸಮಾಧಾನ ಹೇಳುವುದನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿ ನೋಡಿದ. ಚೆನ್ನಾಗಿತ್ತು. ಗೇಟಿನ ಪಕ್ಕದ ನಲ್ಲಿಯಲ್ಲಿ, ಎಲ್ಲರೂ ಹೊರಗೆ ಹೋಗುವಾಗ ಮಾಡುವಂತೆ, ಅವನೂ ಕೈಗೆ ಸೋಪು ಹಚ್ಚಿದ. ನೊರೆ ಬೆರಳ ಸಂದಿಗೆ ಇಳಿಯಿತು. ಅಲ್ಲಿ, ಎರಡೂ ಕೈ ನೀರಿನ ಕೆಳಗಿರುವಾಗ, ಅವನಿಗೆ ಎಲ್ಲ ಕಣ್ಣ ಮುಂದೆ ಬಂತು.

ಅವನು ಅದನ್ನು ತೊಳೆದಿದ್ದ. ಚೂಟಿಯನ್ನು ಆಸ್ಪತ್ರೆಗೆ ಸೇರಿಸಿದ ಮಾರನೆಯ ಬೆಳಗ್ಗೆ ಖಾಲಿ ಮನೆಯಲ್ಲಿ ಅವಳ ದಿಂಬಿನ ಕೆಳಗೆ ಕೈ ಹಾಕಿ ತುಂಡನ್ನು ಹುಡುಕಿ ತೆಗೆದಿದ್ದ. ಅದರ ಒಂದು ಮಗ್ಗುಲಿಗೆ ಒಣಗಿದ ಸಗಣಿ ಹತ್ತಿಕೊಂಡಿತ್ತು, ತುದಿಯಲ್ಲಿ ಪುಟ್ಟ ಹಲ್ಲಿನ ಗುರುತುಗಳಿದ್ದವು. ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟು, ತಮ್ಮನ ಹೆಂಡತಿ ತನಗೆಂದು ಇಟ್ಟ ಸೋಪಿನಿಂದಲೇ ತಿಕ್ಕಿ ತಿಕ್ಕಿ ತೊಳೆದಿದ್ದ. ಹಲ್ಲಿನ ಗುರುತು ಹೋಗಲೆಂದು ಬೆರಳಿನಿಂದ ಉಜ್ಜಿದ್ದ. ಆಮೇಲೆ ಕಾಗದದಲ್ಲಿ ಸುತ್ತಿ ಪರೀಕ್ಷೆಗೆ ಕೊಟ್ಟಿದ್ದ. ಈ ಎರಡೂ ಕೆಲಸ ಮಾಡಿದವನು ಒಬ್ಬನೇ, ಎರಡನ್ನೂ ಪೂರ್ತಿ ಮನಸ್ಸಿಟ್ಟು ಮಾಡಿದವನು. ತೊಳೆಯುವಾಗ ಪರೀಕ್ಷೆಗೆಂದು ಗೊತ್ತಿರಲಿಲ್ಲವೇ? ಕೊಡುವಾಗ ತೊಳೆದದ್ದು ಗೊತ್ತಿರಲಿಲ್ಲವೇ? ಸೀಸೆಗೆ ಬೆರಳು ತಾಗಿದರೂ ಎಸೆದು ಹೊಸದು ತೆಗೆದುಕೊಳ್ಳುವವನು, ಜನ್ಮವೆಲ್ಲ ಮಾದರಿ ಹಿಡಿದೇ ಹೊಟ್ಟೆ ಹೊರೆದವನು, ತೊಳೆದ ಮಾದರಿ ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದು ಅರಿಯದವನೇ? ಹಿಂದೆ ಕೈ ತೊಳೆಯಲು ನಿಂತವನು, ‘ಬೇಗ ಸ್ವಾಮಿ, ಬಸ್ಸು ಬಂತು’ ಎಂದ. ಅವನು ಸರಿದು ನಿಂತ. ಬಸ್ಸು ಬಂತು, ಹೋಯಿತು. ಮುಂದಿನದಕ್ಕೆ ಕಾದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ತಮ್ಮ ಎದುರಾದ, ಗಡ್ಡ ಬಿಟ್ಟುಕೊಂಡು, ಕೈಯಲ್ಲಿ ಔಷಧಿಯ ಚೀಟಿ ಹಿಡಿದು. ‘ಅಣ್ಣಾ, ಬಂದ್ಯಾ. ಅವಳ ಹತ್ರ ಸ್ವಲ್ಪ ಕೂತಿರು. ಸೇರಿಸಿದಾಗಿಂದ ಕಣ್ಣು ಮುಚ್ಚಿಲ್ಲ. ಮಲಗು ಅಂದ್ರೆ ಮಲಗಲ್ಲ, ಮಾಂಸ ಮಾಂಸ ಅಂತಾಳೆ. ನನಗೂ ಹೇಳಿ ಹೇಳಿ ಸಾಕಾಯ್ತು.’ ಇನ್ನೂ ಏನೋ ಹೇಳಬೇಕೆಂದವನು ಕೈ ಬೀಸಿ ಇಳಿದುಹೋದ. ಅವನು ಮೇಲೆ ಹತ್ತಿದ. ಗಾಜಿನ ಆಚೆ ಯಂತ್ರವೊಂದು ತನ್ನ ಪಾಡಿಗೆ ತಿರುಗುತ್ತಿತ್ತು, ಕೊಳವೆಯಲ್ಲಿ ರಕ್ತ ಹೋಗಿ ಬರುತ್ತಿತ್ತು, ಅಷ್ಟು ದೊಡ್ಡ ಹಾಸಿಗೆಯಲ್ಲಿ ಮಗು ಎಲ್ಲಿದೆಯೆಂದು ಹುಡುಕಬೇಕಿತ್ತು. ಕೆಳಗೆ ಚೀಲ ಖಾಲಿ.

ತಮ್ಮನ ಹೆಂಡತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕೂದಲು ಕೆದರಿ, ಕಣ್ಣ ಸುತ್ತ ಕಪ್ಪಾಗಿ, ಒಂದು ವಾರದಲ್ಲಿ ಅವಳು ತನ್ನ ಅಮ್ಮನಂತೆ ಕಾಣತೊಡಗಿದ್ದಳು. ಅವನು ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ. ಅವಳೇ ಆ ಜಾಗಕ್ಕೆ ಸರಿದಳು.

‘ಭಾವ, ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ.’

‘ಹೇಳಮ್ಮ.’

‘ಡಾಕ್ಟ್ರು ದನ ಅಂದಾಗ ನಾನು ಮೊದಲು ನಿಮ್ಮ ಮುಖ ನೋಡಿದೆ. ನೀವೂ ನೋಡಿದ್ರಿ ನಾನು ನೋಡಿದ್ದನ್ನ. ಎಷ್ಟು ವರ್ಷ ನಿಮ್ಮನ್ನ ಹಿತ್ತಲಲ್ಲಿ ನಿಲ್ಲಿಸಿದೆ. ಮನೆಗೆ ಹಿರಿಯರು ನೀವು. ಒಂದು ದಿನ ಎದುರು ಮಾತಾಡಲಿಲ್ಲ. ಕೊನೆಗೆ ನೋಡಿದ್ರೆ ನಾನೇ.’ ಅವಳಿಗೆ ಅಳಲು ಶಕ್ತಿಯಿರಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳುತ್ತಿದ್ದಳು. ‘ಕೆಂಪಗಿತ್ತು ಭಾವ. ಇನ್ನೊಂದು ಸ್ವಲ್ಪ ಬೇಯಿಸಬಹುದಿತ್ತು. ಆ ತುತ್ತು ನಾನೇ ಅವಳ ಬಾಯಿಗಿಟ್ಟಿದ್ದು. ಬೇಡ ಅಂತ ಮುಖ ತಿರುಗಿಸಿದಳು. ನಾನೇ ಗದರಿ ತಿನ್ನಿಸಿದೆ.’

ಸುಮ್ಮನಿರಬಹುದಿತ್ತು. ಹೇಳಿದರೆ ಮಗುವಿಗೆ ಕೂದಲಷ್ಟೂ ಪ್ರಯೋಜನವಿಲ್ಲ, ಡಾಕ್ಟರೇ ಹೇಳಿದ್ದಾರೆ, ಎಲ್ಲಿಂದ ಬಂದರೂ ಮದ್ದು ಒಂದೇ, ಕಾಯುವುದು. ಮಾಂಸವೂ ಇರಬಹುದು, ಯಾರು ಕಂಡಿದ್ದಾರೆ. ತುಂಡು ಚೊಕ್ಕವೆಂದು ಪ್ರಯೋಗಾಲಯವೇ ಹೇಳಿದೆ. ಮಗು ಹೇಳುವುದಿಲ್ಲ, ಬದುಕಿದರೂ ಹೇಳುವುದಿಲ್ಲ, ಅವಳು ಜಾಣೆ. ಅವನ ಬಾಯಿ ‘ಎಲ್ಲರಿಂದಲೂ ತಪ್ಪಾಗುತ್ತದಮ್ಮ’ ಎಂಬ ಮಾತನ್ನು ಆಗಲೇ ಹಿಡಿದುಕೊಂಡಿತ್ತು. ಗದರಿ ತಿನ್ನಿಸಿದೆ ಎಂದ ಅವಳ ಕೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿತ್ತು, ತನ್ನದಲ್ಲವೆಂಬಂತೆ. ಅವಳು ಅದನ್ನೇ ನೋಡುತ್ತಿದ್ದಳು. ತನ್ನ ಕೈಯನ್ನು ಹಾಗೆ ನೋಡುವುದು ಏನೆಂದು ಅವನಿಗೆ ಗೊತ್ತಿತ್ತು.

‘ಮಾಂಸ ಅಲ್ಲ,’ ಎಂದ.

ಹೇಳಿದ. ತುಂಡು ಬಳಪ, ಹಿತ್ತಲು, ಶಾಲೆಯಲ್ಲಿ ಕೊಟ್ಟರೆಂದು ಹೇಳಿಕೊಟ್ಟದ್ದು, ಸಗಣಿ ಹತ್ತಿದ್ದು, ತೊಳೆದದ್ದು, ತೊಳೆದು ಪರೀಕ್ಷೆಗೆ ಕೊಟ್ಟದ್ದು. ಸಿಟ್ಟಿತ್ತು ನಿನ್ನ ಮೇಲೆ, ಅದೂ ಇತ್ತು, ಎಂದ. ದನಿ ತನ್ನದಲ್ಲದ ಹಾಗೆ ಸಲೀಸಾಗಿ ಹರಿಯುತ್ತಿತ್ತು. ಎಲ್ಲೂ ಅವಳು ತಡೆಯಲಿಲ್ಲ. ಕೊನೆಗೆ ಒಂದೇ ಒಂದು ಕೇಳಿದಳು.

‘ಬಾಯಿಗೆ ಹಾಕ್ಕೋತಿದ್ಳಾ?’

‘ಹೂಂ. ನಾನೇ ಕಲಿಸಿದ್ದು. ಬಿಸಿ ತಾಗಿಸೋಕೆ.’

ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡ. ಕೂಗುತ್ತಾಳೆ, ಜನ ಸೇರುತ್ತಾರೆ, ತಮ್ಮ ಓಡಿ ಬರುತ್ತಾನೆ. ಇವೆಲ್ಲಕ್ಕೂ ಅವನು ಸಿದ್ಧನಾಗಿದ್ದ. ಒಳಗೊಳಗೆ ಅದಕ್ಕಾಗಿ ಹಾತೊರೆಯುತ್ತಿದ್ದ ಎಂದರೂ ಸರಿ. ಅವಳು ಅವನ ಮುಖವನ್ನೇ ನೋಡುತ್ತ ಕೂತಳು. ಆ ನೋಟದಲ್ಲಿ ಸಿಟ್ಟು ಯಾವುದು, ದಣಿವು ಯಾವುದು ತಿಳಿಯಲಿಲ್ಲ. ಹಾಗೆ ನೋಡುತ್ತಿರುವಾಗಲೇ ಅವಳ ರೆಪ್ಪೆಗಳು ಇಳಿದವು, ಒಮ್ಮೆ ಎತ್ತಿದಳು, ಮತ್ತೆ ಇಳಿದವು. ತಲೆ ಹಿಂದಕ್ಕೆ ಗೋಡೆಗೆ ಒರಗಿತು. ಬಾಯಿ ಸ್ವಲ್ಪ ತೆರೆದುಕೊಂಡಿತು. ಅವಳು ನಿದ್ದೆ ಹೋಗಿದ್ದಳು.

ಅವನಿಗೆ ನಂಬಲಾಗಲಿಲ್ಲ. ‘ಅಮ್ಮಾ’ ಎಂದು ಮೆಲ್ಲಗೆ ಕರೆದ. ಅವಳು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ತನ್ನಿಂದಲೇ ಆಯಿತು ಎಂದು ಇಷ್ಟು ದಿನ ಎಚ್ಚರವಿದ್ದವಳು, ತಾನಲ್ಲ ಎಂದು ತಿಳಿದ ಮೇಲೆ ಶಾಪ ಹಾಕುವಷ್ಟು ಹೊತ್ತೂ ಎಚ್ಚರವಿರಲಾರದೆ ಹೋದಳು. ಅವನು ಕೂತಲ್ಲೇ ಕೂತ. ಅತ್ತ ಇತ್ತ ಹೋಗುವವರ ಚಪ್ಪಲಿಯ ಸದ್ದಿಗೆ ಅವಳು ಎದ್ದಾಳೆಂದು ಒಬ್ಬಿಬ್ಬರಿಗೆ ಕೈಸನ್ನೆ ಮಾಡಿ ಮೆಲ್ಲಗೆ ಎಂದ. ಅವಳ ತಲೆ ಪಕ್ಕಕ್ಕೆ ವಾಲತೊಡಗಿದಾಗ ತನ್ನ ಹೆಗಲು ಕೊಡಬೇಕೆನ್ನಿಸಿತು, ಕೊಡಲಿಲ್ಲ. ತನ್ನ ಕೈಚೀಲವನ್ನು ಮಡಿಸಿ ಗೋಡೆ ಮತ್ತು ತಲೆಯ ನಡುವೆ ಮೆತ್ತಗೆ ತೂರಿಸಿದ. ಕಿಟಕಿಯ ಬಿಸಿಲು ನೆಲದಿಂದ ಎದುರುಗಡೆಯ ಗೋಡೆಗೆ ಏರಿತು. ಇಷ್ಟು ದಿನದಲ್ಲಿ ಆ ಕಾರಿಡಾರಿನಲ್ಲಿ ಅವನಿಗೆ ಮಾಡಲು ಒಂದು ಕೆಲಸ ಸಿಕ್ಕಿದ್ದು ಅದೇ.

ಬಾಗಿಲು ತೆರೆದು ನರ್ಸು ಬಂದಳು. ‘ಪಾಪು ತಾಯಿ ಎಲ್ಲಿ?’

‘ಈಗ ತಾನೇ ಕಣ್ಣು ಹತ್ತಿದೆ. ಏನಾಯ್ತು?’

‘ಎಬ್ಬಿಸಿ ಎಬ್ಬಿಸಿ. ಚೀಲಕ್ಕೆ ಸ್ವಲ್ಪ ಇಳಿದಿದೆ. ಸ್ವಲ್ಪವೇ, ಆದ್ರೂ ಬಂತಲ್ಲ. ಡಾಕ್ಟ್ರು ಕರೀತಿದಾರೆ.’ ನರ್ಸು ನಕ್ಕಳು. ಅವಳು ನಗುವುದನ್ನು ಅವನು ಇದೇ ಮೊದಲು ನೋಡಿದ್ದು.

ಅವನು ಎದ್ದು ನಿಂತ. ಈ ಸುದ್ದಿಯನ್ನು ಹೇಳಲು ತನಗೇನು ಹಕ್ಕಿದೆ, ತಮ್ಮ ಬರಲಿ, ನರ್ಸೇ ಹೇಳಲಿ ಎಂದುಕೊಳ್ಳುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಅವನು ತಮ್ಮನ ಹೆಂಡತಿಯ ಮುಂದೆ ಬಗ್ಗಿ, ಮುಟ್ಟದೆ, ಮುಖದ ಹತ್ತಿರ ಬಾಯಿ ತಂದು, ‘ಏಳಮ್ಮ. ಬಂತಂತೆ. ಚೂಟಿಗೆ ಉಚ್ಚೆ ಬಂತಂತೆ,’ ಎಂದ.

ಅವಳು ಕಣ್ಣು ಬಿಟ್ಟಳು. ಒಂದು ಗಳಿಗೆ ಎಲ್ಲಿದ್ದೇನೆಂದು ತಿಳಿಯದೆ ನೋಡಿದಳು. ಆಮೇಲೆ ಮಾತು ಒಳಗಿಳಿದು ಅವಳ ಮುಖವೆಲ್ಲ ಅರಳಿತು. ‘ಭಾವಾ!’ ಎಂದು ಎರಡೂ ಕೈಯಲ್ಲಿ ಅವನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ‘ನಿಜವಾಗ್ಲೂ? ನೀವು ನೋಡಿದ್ರಾ? ಭಾವಾ, ನಿಜವಾಗ್ಲೂ?’ ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವಳು ಅವನ ಕೈ ಮುಟ್ಟಿದ್ದು ಅದೇ ಮೊದಲು. ಬಿಸಿಯಾದ, ನಿದ್ದೆಯಿಂದ ಒದ್ದೆಯಾದ ಅಂಗೈ. ಅವಳು ನಗುತ್ತಿದ್ದಳು, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅವನ ಕೈಯನ್ನು ಹಿಡಿದು ಅಲ್ಲಾಡಿಸುತ್ತಿದ್ದಳು. ಅವನೂ ನಕ್ಕ. ಹೂಂ ಎಂದು ತಲೆ ಆಡಿಸಿದ.

ಆಮೇಲೆ ಅವಳಿಗೆ ನೆನಪಾಯಿತು. ನೆನಪಾಗುವುದನ್ನು ಅವನು ಅಷ್ಟು ಹತ್ತಿರದಿಂದ ನೋಡಿದ. ಮೊದಲು ಕಣ್ಣು ನಿಂತಿತು, ಆಮೇಲೆ ನಗು ತುಟಿಯ ಮೇಲೆ ಹಾಗೇ ಉಳಿದು, ಏನು ಮಾಡಬೇಕೆಂದು ತಿಳಿಯದೆ, ಮೆಲ್ಲಗೆ ಇಳಿಯಿತು. ಅವಳು ಕೈ ಕೊಡವಲಿಲ್ಲ. ಒಂದೊಂದೇ ಬೆರಳು ಬಿಡಿಸಿಕೊಂಡಳು, ಎದ್ದಳು, ಅವನ ಪಕ್ಕದಿಂದ ಸುತ್ತಿ ಒಳಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವನು ಬಗ್ಗಿದವನು ಹಾಗೇ ಸ್ವಲ್ಪ ಹೊತ್ತು ಬೆಂಚಿನ ಮುಂದೆ ನಿಂತಿದ್ದ. ಕೆಳಗಿನಿಂದ ತಮ್ಮ ಎರಡೆರಡು ಮೆಟ್ಟಿಲು ಹಾರಿ ಬರುವುದು ಕೇಳಿಸಿತು; ಯಾರೋ ಅವನಿಗೆ ಆಗಲೇ ಸುದ್ದಿ ಮುಟ್ಟಿಸಿರಬೇಕು, ‘ಅಣ್ಣಾ, ಅಣ್ಣಾ’ ಎಂದು ಕೂಗಿಕೊಂಡೇ ಹತ್ತುತ್ತಿದ್ದ.